ಕುದಿಯುವ ಕೆಸರಿನ ಕೊಳಗಳು

ಒಲೆಯ ಮೇಲೆ ನೀರು ಕುದಿಯುವುದಕ್ಕೂ ಅಂಬಲಿ ಕುದಿಯುವುದಕ್ಕೂ ವ್ಯತ್ಯಾಸವುಂಟು. ನೀರು ಕುದಿಯುವಾಗ ಗುಳ್ಳೆಗಳು ಸರಸರನೆ ಮೇಲೆದ್ದು ಒಡೆದು ಹೋಗುತ್ತವೆ. ಅಂಬಲಿಯ ರೀತಿಯೇ ಬೇರೆ. ಮೊದಲು ಅದರ ಮೈ ಉಬ್ಬುತ್ತದೆ. ಉಬ್ಬಿದ್ದು ಲೊಟಕ್ಕನೆ ಒಡೆಯುತ್ತದೆ. ಒಡೆದಾಗ ಹಾರಿದ ತೊಟ್ಟು ಕೈಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಊರು ಬಿಟ್ಟು ಬಂದು, ಈ ಮುಂಬಯಿಯ ಖೋಲಿಗಳಲ್ಲಿ ನಾಲ್ಕಾರು ಮಂದಿ ಕೂಡಿ ಅಡಿಗೆ ಮಾಡಿಕೊಂಡಿರುವ ನಮ್ಮ ಬಳಗದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಆ ಪಾತ್ರೆ ಒಂದು ಸಣ್ಣ ಕೆರೆಯಷ್ಟು ಅಗಲವಾಗಿದೆಯೆಂದು ಎಣಿಸಿಕೊಳ್ಳಿ. ಒಳಗಿರುವುದು ಅಂಬಲಿಯಲ್ಲ, ಬೂದುಬಣ್ಣದ ಕೆಸರು. ಕೆಳಗೆ ಸೌದೆಯಿಲ್ಲ, ಗ್ಯಾಸಿಲ್ಲ, ಉರಿ ಹಾಕುವವರೂ ಯಾರಿಲ್ಲ. ಆದರೂ ಹಗಲಿರುಳು ಕೊತಕೊತನೆ ಕುದಿಯುತ್ತಿದೆ. ಇಂಥ ಕೆಸರುಕೊಳಗಳು ಭೂಮಿಯ ಮೇಲೆ ಹಲವೆಡೆ ಉಂಟು. ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ರೊಟೊರುವಾ ಎಂಬ ಪಟ್ಟಣವಿದೆ. ಅದರ ದಕ್ಷಿಣಕ್ಕೆ, 30 ಕಿಲೋಮೀಟರಿನೊಳಗೆ ಇರುವ ವಾಯೊಟಾಪು ಎಂಬಲ್ಲಿನ ಕೊಳ ಆ ದೇಶದಲ್ಲೇ ದೊಡ್ಡದೆಂದು ಹೆಸರಾದದ್ದು. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲೂ ಐಸ್‌ಲೆಂಡಿನಲ್ಲೂ ಇವನ್ನು ನೋಡಲು ಪ್ರವಾಸಿಗರು ಗುಂಪುಗುಂಪಾಗಿ ಹೋಗುತ್ತಾರೆ.

ಈ ಕೆಸರು ಎಲ್ಲಿಂದ ಬಂತು? ಮಳೆಗೆ ಮಣ್ಣು ಕರಗಿ ಆದ ಕೆಸರು ನಮಗೆ ಗೊತ್ತು. ಇದು ಹಾಗೆ ಹೊರಗಿನಿಂದ ಹರಿದು ಬಂದು ಸೇರಿದ್ದಲ್ಲ. ಅಲ್ಲಿದ್ದ ಕಲ್ಲೇ ಬೆಂದು ಕೆಸರಾಗಿದೆ. ಕಲ್ಲು ಬೇಯುವುದೆಂದರೇನು, ಅದಕ್ಕೆ ಬೇಕಾದ ಸಾಮಗ್ರಿಗಳಾವುವು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಆ ಸಾಮಗ್ರಿಗಳಲ್ಲಿ ಒಂದಕ್ಕೆ ಮನುಷ್ಯ ಕೈ ಹಾಕಿದಾಗ ಏನಾಯಿತು ಎಂಬ ಕಥೆಯೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲನೆಯ ಸಾಮಗ್ರಿ ಶಾಖ. ಭೂಮಿಯನ್ನು ಎಲ್ಲಿ ಅಗೆದರೂ ಆಳಕ್ಕೆ ಹೋದಂತೆ ಬಿಸಿ ಏರುತ್ತದೆ. ಸಾಧಾರಣವಾಗಿ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಕೆ. ಆದರೆ ಕೆಸರುಕೊಳಕ್ಕೆ ಇಷ್ಟು ಸಾಲದು. ಅದು ಹುಟ್ಟಬೇಕಾದರೆ ನೆಲದಡಿಯಲ್ಲಿ, ತೀರಾ ಆಳವಲ್ಲದ ಕಡೆ, ಕರಗಿದ ಕಲ್ಲು ಎಂದರೆ ಶಿಲಾಪಾಕ ಇರಬೇಕು. ಇಲ್ಲವೇ ಹಿಂದೆ ಉಕ್ಕಿ ಬಂದು ಇನ್ನೂ ಆರದ ಬಂಡೆ ಇರಬೇಕು. ಆದುದರಿಂದಲೇ ಕುದಿಯುವ ಕೆಸರು ಸಾಮಾನ್ಯವಾಗಿ ಕಾಣುವುದು ಜ್ವಾಲಾಮುಖಿಗಳ ಸೀಮೆಯಲ್ಲಿ.

ಇಲ್ಲಿ ನಮ್ಮ ಓದುಗರಿಗೆ ಒಂದು ಪ್ರಶ್ನೆ ಏಳಬಹುದು. ವಸಯಿಯಲ್ಲಿ ಇಳಿದು ಎಸ್.ಟಿ. ಬಸ್ಸು ಹಿಡಿದು ವಜ್ರೇಶ್ವರಿ, ಗಣೇಶಪುರಿಗಳಿಗೆ ಹೋಗಿ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿಯ ಬಿಸಿನೀರಿನ ಕುಂಡಗಳಲ್ಲಿ ಮಿಂದೂ ಇದ್ದಾರೆ. ಊರಿನ ಕಡೆ ಪುತ್ತೂರಿನ ಬಳಿಯ ಬೆಂದ್ರು ತೀರ್ಥದ ಹೆಸರನ್ನು ದಕ್ಷಿಣ ಕನ್ನಡದವರು ಕೇಳಿಯೇ ಇರುತ್ತಾರೆ. ಅಲ್ಲೆಲ್ಲ ಕೆಳಗೆ ಬಿಸಿಯಿದ್ದರೂ ಕೆಸರೇಕೆ ಕುದಿಯುವುದಿಲ್ಲ?

ಉತ್ತರ ಸರಳವಾಗಿದೆ. ಗಣೇಶಪುರಿಯ ಕೆಳಗೆ ಶಿಲಾಪಾಕವಿಲ್ಲ. ಸಹ್ಯಾದ್ರಿಯ ಈ ಕರಿಕಲ್ಲು ಜ್ವಾಲಾಮುಖಿಯಿಂದ ಹರಿದದ್ದೇನೋ ನಿಜ. ಆದರೆ ಅದು ಹರಿದು ಸುಮಾರು 6 ಕೋಟಿ 60 ಲಕ್ಷ ವರ್ಷಗಳಾದವು. ಆ ಬಿಸಿ ಎಂದೋ ಆರಿಹೋಯಿತು. ಇಂದಿನ ಕುಂಡಗಳಿಗೆ ಬರುವುದು ಮಳೆಯ ನೀರೇ. ಅದು ಬಂಡೆಯ ಬಿರುಕುಗಳಲ್ಲಿ ಇಳಿದು ಆಳಕ್ಕೆ ಹೋಗಿ, ಭೂಮಿಯ ಸಹಜವಾದ ಬಿಸಿಯಲ್ಲಿ ಕಾದು, ಬೇರೊಂದು ಬಿರುಕಿನಿಂದ ಮೇಲೆ ಬರುತ್ತದೆ. ಅದರ ಬಿಸಿ ಕುದಿಯುವ ಮಟ್ಟದ್ದಲ್ಲ, ಸುಮಾರು 50 ಡಿಗ್ರಿಯದು. ನೀರು ಧಾರಾಳವಾಗಿ ಹರಿಯುತ್ತದೆ. ಕಲ್ಲನ್ನು ತಿನ್ನುವಷ್ಟು ಖಾರವಾದ ಆಮ್ಲವೂ ಅದರಲ್ಲಿಲ್ಲ. ಹಾಗಾಗಿ ಅಲ್ಲಿ ನಮಗೆ ಸ್ನಾನಕ್ಕೆ ನೀರು ದೊರೆಯುತ್ತದೆ, ಕೆಸರು ದೊರೆಯುವುದಿಲ್ಲ.

ಆಮ್ಲವೆಂದೆವಲ್ಲ, ಅದೇ ಎರಡನೆಯ ಸಾಮಗ್ರಿ. ಜ್ವಾಲಾಮುಖಿ ಸೀಮೆಯ ಆಳದಲ್ಲಿರುವ ನೀರು 200 ಡಿಗ್ರಿಗೂ ಮೀರಿ ಕಾದಿರುವುದುಂಟು. ಮೇಲಿನ ಭಾರದಿಂದ ಒತ್ತಡವಿರುವ ತನಕ ಅದು ಕುದಿಯಲಾರದು. ಮೇಲಕ್ಕೆ ಬಂದಂತೆ ಒತ್ತಡ ಇಳಿದು, ನೀರಿನ ಒಂದು ಪಾಲು ಥಟ್ಟನೆ ಹಬೆಯಾಗುತ್ತದೆ. ಪ್ರೆಷರ್ ಕುಕ್ಕರಿನ ಸಿಳ್ಳೆಯನ್ನು ಎತ್ತಿದಾಗ ಹಬೆ ನುಗ್ಗುವಂತೆ ಇದು ಬಂಡೆಯ ಸಂದುಗಳಲ್ಲಿ ನುಗ್ಗುತ್ತದೆ. ಹಬೆಯ ಜತೆಗೆ ಎರಡು ಅನಿಲಗಳು ಬರುತ್ತವೆ. ಒಂದು ಇಂಗಾಲದ ಡೈ ಆಕ್ಸೈಡು. ಇನ್ನೊಂದು ಹೈಡ್ರೋಜನ್ ಸಲ್ಫೈಡು. ಕೊಳೆತ ಮೊಟ್ಟೆಯ ನಾತ ಇದರದೇ. ರೊಟೊರುವಾ ಪಟ್ಟಣಕ್ಕೆ ಕಾಲಿಟ್ಟವರಿಗೆ ಊರಿಗಿಂತ ಮೊದಲು ಈ ನಾತ ಎದುರುಗೊಳ್ಳುತ್ತದೆ.

ಈ ಗಂಧಕದ ಅನಿಲವು ನೆಲದ ಮೇಲ್ಪದರಕ್ಕೆ ಬಂದಾಗ ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು, ಅಲ್ಲಿರುವ ಅಲ್ಪಸ್ವಲ್ಪ ನೀರಿನಲ್ಲಿ ಗಂಧಕಾಮ್ಲವಾಗಿ ಮಾರ್ಪಡುತ್ತದೆ. ಈ ಕೆಲಸಕ್ಕೆ ನೆರವಾಗುವ ಜೀವಿಗಳೂ ಇದ್ದಾವೆಂಬುದು ಸೋಜಿಗದ ಮಾತು. ಯೆಲ್ಲೊಸ್ಟೋನಿನ ಕುದಿನೀರಿನಲ್ಲಿ ಬಾಳುವ ಸೂಕ್ಷ್ಮಜೀವಿಗಳನ್ನು ಕುರಿತು ಶ್ರಮಿಸಿದ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1972ರಲ್ಲಿ ಸಲ್ಫೋಲೋಬಸ್ ಎಂಬುದೊಂದನ್ನು ಲೋಕಕ್ಕೆ ಪರಿಚಯಿಸಿದರು. ನಮ್ಮ ಕೈ ಇಟ್ಟರೆ ಬೆಂದುಹೋಗುವ 70, 80 ಡಿಗ್ರಿಯ ಬಿಸಿಯಲ್ಲಿ, ಲಿಂಬೆಯ ಹುಳಿಯನ್ನು ಹೋಲುವ ಆಮ್ಲದಲ್ಲಿ ಅದು ಸುಖವಾಗಿ ಬೆಳೆಯುತ್ತದೆ. ಗಂಧಕವೇ ಅದರ ಆಹಾರ. ಅದು ಉಂಡು ಬಿಟ್ಟದ್ದು ಗಂಧಕಾಮ್ಲ.

ಈ ಆಮ್ಲ ಕಲ್ಲಿನ ಮೇಲೆ ಕೆಲಸ ಮಾಡುತ್ತದೆ. ಜ್ವಾಲಾಮುಖಿಯ ಕಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಹೇರಳ. ಬಿಸಿಯಾದ ಆಮ್ಲಕ್ಕೆ ಅದು ತಡೆಯಲಾರದು. ಅದರಲ್ಲಿರುವ ಸೋಡಿಯಂ, ಪೊಟಾಸಿಯಂ ಮೊದಲಾದವು ಕರಗಿಹೋಗಿ, ಉಳಿದದ್ದು ನುಣುಪಾದ ಜೇಡಿಯಾಗುತ್ತದೆ. ಪಿಂಗಾಣಿಯ ಬಟ್ಟಲು ಮಾಡಲು ಉಪಯೋಗಿಸುವ ಬಿಳಿಯ ಜೇಡಿ, ಎಂದರೆ ಕೇಯೋಲಿನ್, ಇದೇ ಜಾತಿಯದು. ಸುತ್ತಿಗೆಯಿಂದ ಬಡಿದರೆ ಕಿಡಿ ಹಾರುತ್ತಿದ್ದ ಕಲ್ಲು ಬೆರಳಿನಿಂದ ಒತ್ತಿದರೆ ಕುಸಿಯುವ ಮಣ್ಣಾಗುತ್ತದೆ. ಕಲ್ಲು ಬೇಯುವುದೆಂದು ನಾವು ಮೇಲೆ ಹೇಳಿದ್ದರ ಅರ್ಥ ಇದು. ಬೆಂದ ಮಣ್ಣಿನಲ್ಲಿ ಕಬ್ಬಿಣದ ತುಕ್ಕಿನಂಥ ಅಂಶ ಬೆರೆತರೆ ಕೆಂಪು, ಗುಲಾಬಿ ಬಣ್ಣ. ಕಬ್ಬಿಣವೂ ಗಂಧಕವೂ ಕೂಡಿದ ಖನಿಜ ಬೆರೆತರೆ ಬೂದು, ಕಪ್ಪು. ಹೀಗೆ ಬಣ್ಣ ಬಣ್ಣದ ಕೆಸರು ಇರುವುದರಿಂದಲೇ ಯೆಲ್ಲೊಸ್ಟೋನಿನ ಕೆಲವು ಕೊಳಗಳಿಗೆ ಬಣ್ಣದ ಗಡಿಗೆಗಳೆಂಬ ಹೆಸರು ಬಂದಿದೆ.

ಮೂರನೆಯ ಸಾಮಗ್ರಿ ನೀರು. ಇದರಲ್ಲಿಯೇ ಗುಟ್ಟಿರುವುದು. ನೀರು ಇರಬೇಕು, ಆದರೆ ಹೆಚ್ಚಿರಬಾರದು. ಧಾರಾಳವಾಗಿ ನೀರು ಹರಿಯುವ ಕಡೆ ಜೇಡಿಯೆಲ್ಲ ತೊಳೆದುಹೋಗಿ ತಿಳಿಯಾದ ಬಿಸಿನೀರಿನ ಬುಗ್ಗೆ ಉಳಿಯುತ್ತದೆ. ನೀರು ತೀರಾ ಇಲ್ಲದ ಕಡೆ ಬರಿಯ ಹಬೆ ಬುಸುಗುಟ್ಟುವ ಬಿಲ ಉಳಿಯುತ್ತದೆ. ಇವೆರಡರ ನಡುವಣ ಅವಸ್ಥೆಯೇ ಕೆಸರುಕೊಳ. ಬೆಂದ ಜೇಡಿಯನ್ನು ನೆನೆಸುವಷ್ಟು ನೀರಿದೆ, ಕೊಚ್ಚಿಕೊಂಡು ಹೋಗುವಷ್ಟು ಇಲ್ಲ. ಕೊಳದಿಂದ ಹೊರಗೆ ಹರಿವಿಲ್ಲದುದರಿಂದ ಬೆಂದದ್ದೆಲ್ಲ ಅಲ್ಲೇ ಉಳಿದು ಕೆಸರು ಹೆಚ್ಚುತ್ತ ಹೋಗುತ್ತದೆ. ಸಾಮಾನ್ಯವಾಗಿ ತಿಳಿನೀರಿನ ಬುಗ್ಗೆಗಳು ತಗ್ಗಿನಲ್ಲಿರುತ್ತವೆ. ಅಂತರ್ಜಲ ಆಳವಾಗಿರುವ ದಿಬ್ಬಗಳ ಕಡೆಗೆ ಹಬೆ ಮಾತ್ರ ಏರುವುದರಿಂದ ಕೆಸರುಕೊಳಗಳು ಅಲ್ಲಿ ಹೆಚ್ಚು.

ನೀರಿನ ಪ್ರಮಾಣದಂತೆ ಕೊಳದ ಸ್ವಭಾವವೂ ಬದಲಾಗುತ್ತದೆ. ಯೆಲ್ಲೊಸ್ಟೋನಿನಲ್ಲಿ ಹಿಮ ಕರಗಿ ಮಳೆ ಬೀಳುವ ವಸಂತದಲ್ಲಿ ಕೆಸರು ತಿಳಿಸಾರಿನಂತಿದ್ದು ಬೇಗಬೇಗ ಕುದಿಯುತ್ತದೆ. ಬೇಸಿಗೆಯ ಕೊನೆಗೆ ಅದೇ ಕೊಳ ಮಂದವಾದ ಅಂಬಲಿಯಾಗುತ್ತದೆ. ಆಗ ಗುಳ್ಳೆ ನಿಧಾನವಾಗಿ ಉಬ್ಬಿ, ಒಡೆದು, ಕೆಸರನ್ನು ಮೇಲಕ್ಕೆ ಎರಚುತ್ತದೆ. ಎರಚಿದ್ದು ಸುತ್ತಲೂ ಬಿದ್ದು ಒಣಗಿ ಹುತ್ತದಂಥ ಸಣ್ಣ ದಿಬ್ಬಗಳಾಗುವುದೂ ಉಂಟು. ವಾಯೊಟಾಪುವಿನ ಕೊಳವಿರುವೆಡೆಯಲ್ಲಿ ಹಿಂದೆ ಇಂಥ ದೊಡ್ಡ ದಿಬ್ಬವೇ ಇತ್ತು; 1920ರ ದಶಕದಲ್ಲಿ ಅದು ಸವೆದು ಕುಸಿದು ಈಗಿನ ಕೊಳ ಉಳಿಯಿತು.

ಗುಳ್ಳೆ ಏಳುವುದೆಲ್ಲ ಕುದಿತವೆಂದು ತಿಳಿಯಬಾರದು. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿರುವ ಯೆಲ್ಲೊಸ್ಟೋನಿನಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಅಲ್ಲಿಯ ಎಷ್ಟೋ ಕೊಳಗಳು ಅಷ್ಟೂ ಬಿಸಿಯಿಲ್ಲ. ಕೆಳಗಿನಿಂದ ಏರುವ ಅನಿಲವೇ ಕೆಸರನ್ನು ತಳ್ಳಿ ಗುಳ್ಳೆಯೆಬ್ಬಿಸುತ್ತದೆ. ನೋಡುವವರಿಗೆ ಅದು ಕುದಿತದಂತೆಯೇ ಕಾಣುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ನಮ್ಮ ದೇಶದ ಅಂಡಮಾನಿನ ಬಾರಾಟಾಂಗ್ ದ್ವೀಪದಲ್ಲಿ ಕೆಸರಿನ ಜ್ವಾಲಾಮುಖಿಯೆಂದು ಕರೆಯುವ ದಿಬ್ಬಗಳಿವೆ. 2004ರ ಡಿಸೆಂಬರಿನ ಮಹಾಭೂಕಂಪದ ಬಳಿಕ ಅವು ಮತ್ತೆ ಚುರುಕಾದದ್ದನ್ನು ಪತ್ರಿಕೆಗಳಲ್ಲಿ ಓದಿದವರಿರಬಹುದು. ಹೆಸರಿನಲ್ಲಿ ಜ್ವಾಲೆಯಿದ್ದರೂ ಆ ಕೆಸರು ತಣ್ಣಗಿನದು. ಸಮುದ್ರದಡಿಯ ಹೂಳಿನಲ್ಲಿ ಹುದುಗಿದ್ದ ಜೀವರಾಶಿ ಕೊಳೆತು ಹುಟ್ಟಿದ ಅನಿಲ, ಮೆತ್ತನೆಯ ಹೂಳನ್ನು ಮೇಲಕ್ಕೆ ತಳ್ಳುತ್ತದೆ, ಅಷ್ಟೆ. ಅಲ್ಲಿ ಕಲ್ಲು ಬೆಂದಿಲ್ಲ, ಆಮ್ಲದ ಕೆಲಸವೂ ಇಲ್ಲ. ಭಾರತದಲ್ಲಿ ನಿಜವಾಗಿ ಕುದಿಯುವ ನೆಲವನ್ನು ನೋಡಬೇಕಾದರೆ ಲಡಾಖಿನ ಪುಗಾ ಕಣಿವೆಗೆ ಹೋಗಬೇಕು. 4,000 ಮೀಟರಿಗೂ ಮಿಕ್ಕ ಎತ್ತರದ ಆ ಕಣಿವೆಯಲ್ಲಿ ಬಿಸಿಬುಗ್ಗೆ, ಗಂಧಕ, ಬಿಳಿಗಾರ ಮೂರೂ ಇವೆ.

ಕೆಸರುಕೊಳವನ್ನು ನೋಡಲು ಹೋದವರು ತಿಳಿದಿರಬೇಕಾದ ಮಾತೊಂದಿದೆ. ಕೊಳಕ್ಕಿಂತ ಅದರ ಸುತ್ತಲಿನ ನೆಲವೇ ಹೆಚ್ಚು ಅಪಾಯಕರ. ಆಮ್ಲವು ಕಣ್ಣಿಗೆ ಕಾಣುವ ಕೊಳದಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ. ಅಕ್ಕಪಕ್ಕದ ನೆಲದಡಿಯನ್ನೂ ತಿಂದಿರುತ್ತದೆ. ಮೇಲೆ ಗಟ್ಟಿಯಾಗಿ ಒಣಗಿದ ಹೊಪ್ಪಳೆ, ಕೆಳಗೆ ಕುದಿಯುವ ಬಗ್ಗಡ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಲಾಸೆನ್ ಪರ್ವತದ ಬಳಿಯ ಇಂಥ ಕಣಿವೆಯೊಂದನ್ನು 1860ರ ದಶಕದಲ್ಲಿ ಕೆಂಡಾಲ್ ಬಂಪಸ್ ಎಂಬವರು ಕಂಡರು. ಇತರರಿಗೆ ತೋರಿಸಲು ಅಲ್ಲಿ ಓಡಾಡುವಾಗ ಹೊಪ್ಪಳೆ ಒಡೆದು ಅವರ ಕಾಲು ಕುದಿಯುವ ಕೆಸರಿಗೆ ಇಳಿಯಿತು. ಕೊನೆಗೆ ಆ ಕಾಲನ್ನೇ ಕತ್ತರಿಸಬೇಕಾಯಿತು. ಆ ಸ್ಥಳಕ್ಕೆ ಇಂದಿಗೂ ಬಂಪಸನ ನರಕವೆಂದೇ ಹೆಸರು.

ಯೆಲ್ಲೊಸ್ಟೋನಿನ ಬಿಸಿಬುಗ್ಗೆಗಳಲ್ಲಿ ಬಿದ್ದೋ ಇಳಿದೋ ಈವರೆಗೆ 20ಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತಿದ್ದಾರೆ. ಆದುದರಿಂದ ಅಲ್ಲಿ ಹಲಗೆಯ ಕಾಲುದಾರಿ ಬಿಟ್ಟು ಹೆಜ್ಜೆಯಿಡಬಾರದೆಂಬ ಕಟ್ಟಪ್ಪಣೆಯಿದೆ. ಹಲಗೆಯ ಮೇಲಿದ್ದರೂ ಎಚ್ಚರ ಬೇಕು. 2024ರ ಜುಲೈ 23ರಂದು ಅಲ್ಲಿಯ ಬಿಸಿಕೊಳವೊಂದರಲ್ಲಿ ಹಬೆ ಸಿಡಿದು ಕಲ್ಲು, ಕೆಸರುಗಳನ್ನು ಆಕಾಶಕ್ಕೆ ಎಸೆದು ಹಲಗೆಯ ದಾರಿಯನ್ನೇ ಮುರಿಯಿತು. ಪ್ರವಾಸಿಗರು ಓಡಿ ಉಳಿದರು; ಯಾರಿಗೂ ಗಾಯವಾಗಲಿಲ್ಲ. ಶಾಖವೂ ಹಬೆಯೂ ತುಂಬಿದ ನೆಲ ಒಂದೇ ಸ್ಥಿತಿಯಲ್ಲಿ ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನೆಲದ ಸ್ಥಿತಿ ತಾನಾಗಿ ಬದಲಾಗುವುದು ಒಂದು. ಮನುಷ್ಯನ ಕೈಯಿಂದ ಬದಲಾಗುವುದು ಇನ್ನೊಂದು. ಆರಂಭದಲ್ಲಿ ಹೇಳುತ್ತೇವೆಂದ ಕಥೆ ಇದೇ. ನ್ಯೂಜಿಲೆಂಡಿನ ವೈರಾಕೆ ಎಂಬಲ್ಲಿ ಬಿಸಿನೀರನ್ನು ಚಿಮ್ಮುವ ಚಿಲುಮೆಗಳ ಕಣಿವೆಯೊಂದಿತ್ತು. ಇಂಥ ಚಿಲುಮೆಗೆ ಗೀಸರ್ ಎಂದು ಹೆಸರು. ನಮ್ಮ ಬಚ್ಚಲುಮನೆಯ ವಿದ್ಯುತ್ ಹಂಡೆಗೆ ಆ ಹೆಸರು ಬಂದದ್ದು ಐಸ್‌ಲೆಂಡಿನ ಒಂದು ಚಿಲುಮೆಯಿಂದ. 1950ರ ದಶಕದಲ್ಲಿ ವೈರಾಕೆಯ ಆಳಕ್ಕೆ ಕೊಳವೆಗಳನ್ನು ಇಳಿಸಿ ಬಿಸಿನೀರನ್ನೂ ಹಬೆಯನ್ನೂ ಮೇಲಕ್ಕೆ ತರಲು ಆರಂಭಿಸಿದರು. 1958ರಲ್ಲಿ ಅಲ್ಲಿಯ ವಿದ್ಯುದಾಗಾರ ಕೆಲಸಕ್ಕೆ ತೊಡಗಿತು. ಕಲ್ಲಿದ್ದಲು ಸುಡದೆ ವಿದ್ಯುತ್ತು ದೊರೆತದ್ದು ದೊಡ್ಡ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಕಣಿವೆಯ ಚಿಲುಮೆಗಳೂ ಬುಗ್ಗೆಗಳೂ ಒಂದೊಂದಾಗಿ ನಿಂತುಹೋದವು.

ಅದೇ ಕಾಲಕ್ಕೆ, ಅಲ್ಲಿಂದ ಸ್ವಲ್ಪವೇ ದೂರದ ಕರಾಪಿಟಿ ಎಂಬ ಬಯಲಿನಲ್ಲಿ ಹಬೆ ಹೆಚ್ಚತೊಡಗಿತು. ಹೊಸ ಕುಳಿಗಳು ಬಿದ್ದವು; ಕುಳಿಗಳಲ್ಲಿ ಕೆಸರು ಕುದಿಯಿತು. ಇಂದು ಆ ಬಯಲನ್ನು ಚಂದ್ರನ ಕುಳಿಗಳೆಂಬ ಹೆಸರಿನಿಂದ ಪ್ರವಾಸಿಗರಿಗೆ ತೋರಿಸುತ್ತಾರೆ. ಒಂದು ಕಡೆ ಬತ್ತಿ ಇನ್ನೊಂದು ಕಡೆ ಹೆಚ್ಚಿದ್ದೇಕೆ? ಮೇಲೆ ಹೇಳಿದ ಮೂರು ಸಾಮಗ್ರಿಗಳನ್ನು ನೆನೆದರೆ ಉತ್ತರ ತಾನಾಗಿ ಹೊಳೆಯುತ್ತದೆ. ಆಳದ ನೀರನ್ನು ತೆಗೆದಾಗ ಮಟ್ಟ ಇಳಿಯಿತು, ಒತ್ತಡ ಇಳಿಯಿತು. ನೀರು ಮೇಲಿನವರೆಗೆ ಬರಲಾರದೆ ಚಿಲುಮೆ ಸತ್ತಿತು. ಒತ್ತಡ ಇಳಿದದ್ದರಿಂದ ಕೆಳಗಿದ್ದ ನೀರು ಹೆಚ್ಚು ಹಬೆಯಾಗಿ, ಆ ಹಬೆ ಒಣನೆಲದ ಮೂಲಕ ಏರಿತು. ಶಾಖ ಮೊದಲಿನದೇ, ಕಲ್ಲು ಮೊದಲಿನದೇ. ನೀರೊಂದು ಕಡಿಮೆಯಾದೊಡನೆ ತಿಳಿನೀರಿನ ಸೀಮೆ ಹಬೆ, ಕೆಸರುಗಳ ಸೀಮೆಯಾಯಿತು.

ರೊಟೊರುವಾದ ಕಥೆ ಇದಕ್ಕಿಂತ ಮನೆಗೆ ಹತ್ತಿರದ್ದು. ಆ ಪಟ್ಟಣದ ಅಂಚಿನಲ್ಲಿ ಫಾಕರೇವರೇವಾ ಎಂಬ ಮಾವೊರಿ ಜನರ ಹಳ್ಳಿಯಿದೆ. ಕೆಸರುಕೊಳ, ಬಿಸಿಬುಗ್ಗೆಗಳ ನಡುವೆಯೇ ಅವರ ಮನೆಗಳು. ಕುದಿಯುವ ಬುಗ್ಗೆಯಲ್ಲಿ ಗೆಡ್ಡೆಗೆಣಸು ಬೇಯಿಸುತ್ತಾರೆ, ಬಿಸಿನೀರಿನಲ್ಲಿ ಮೀಯುತ್ತಾರೆ. ಅವರಲ್ಲಿ ಒಂದು ಪಂಗಡದವರು ಅಲ್ಲಿಯ ಮೂಲನಿವಾಸಿಗಳಲ್ಲ. 1886ರ ಜೂನ್ 10ರಂದು ತರಾವೆರಾ ಪರ್ವತ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತು, ಊರುಗಳೇ ಹೂತುಹೋದಾಗ, ಉಳಿದವರು ಇಲ್ಲಿಯ ಬಂಧುಗಳ ಆಶ್ರಯಕ್ಕೆ ಬಂದರು. ಊರು ಕಳೆದುಕೊಂಡವರು ಪ್ರವಾಸಿಗರಿಗೆ ಹೊಸ ಊರಿನ ಚಿಲುಮೆಗಳನ್ನು ತೋರಿಸಿ ಬದುಕು ಕಟ್ಟಿಕೊಂಡರು.

ಇತ್ತ ಪಟ್ಟಣ ಬೆಳೆಯಿತು. ಮನೆ, ಹೋಟೆಲುಗಳಿಗೆ ಪುಕ್ಕಟೆಯ ಬಿಸಿನೀರು ಕಾಲಡಿಯಲ್ಲೇ ಇದ್ದಾಗ ಯಾರು ಬಿಟ್ಟಾರು? ನೂರಾರು ಕೊಳವೆಬಾವಿಗಳು ಬಿದ್ದವು. ಒಬ್ಬೊಬ್ಬನು ತೆಗೆದದ್ದು ಅಲ್ಪ. ಎಲ್ಲರೂ ಸೇರಿ ತೆಗೆದದ್ದು ಬಹಳ. ನಮ್ಮ ಚಾಳಿನಲ್ಲಿ ಕೆಳಗಿನ ಮಾಳಿಗೆಯವರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದರೆ ಮೇಲಿನ ಮಾಳಿಗೆಯ ನಲ್ಲಿ ಬರಿಯ ಉಸಿರು ಬಿಡುವುದನ್ನು ನಾವು ದಿನವೂ ಕಾಣುವುದಿಲ್ಲವೆ? ಅಲ್ಲಿಯೂ ಹಾಗೇ ಆಯಿತು. ದಶಕಗಳಿಂದ ಎಡೆಬಿಡದೆ ಚಿಮ್ಮುತ್ತಿದ್ದ ಪಾಪಾಕುರಾ ಎಂಬ ಚಿಲುಮೆ 1979ರಲ್ಲಿ ನಿಂತಿತು. ಅತ್ಯಂತ ಪ್ರಸಿದ್ಧವಾದ ಪೊಹುಟು ಚಿಲುಮೆಗೂ ಅದೇ ಗತಿಯೆಂಬ ಭಯ ಹುಟ್ಟಿತು.

1986ರಲ್ಲಿ ಸರಕಾರ ಗಟ್ಟಿಮನಸ್ಸು ಮಾಡಿ, ಪೊಹುಟುವಿನ ಸುತ್ತ ಒಂದೂವರೆ ಕಿಲೋಮೀಟರಿನೊಳಗಿನ ಕೊಳವೆಬಾವಿಗಳನ್ನು ಮುಚ್ಚಲು ಆಜ್ಞೆ ಮಾಡಿತು. ಉಳಿದವರು ತೆಗೆಯುವ ಬಿಸಿನೀರಿಗೆ ದರ ವಿಧಿಸಿತು. ಪುಕ್ಕಟೆಯ ಬಿಸಿ ಕಳೆದುಕೊಂಡ ಮನೆಯವರಿಗೆ ಅಸಮಾಧಾನವಾದದ್ದು ಸಹಜ. ಅವರ ಕಷ್ಟವೂ ಸುಳ್ಳಲ್ಲ. ಆದರೆ ಬಾವಿಗಳು ಮುಚ್ಚಿದ ಮೇಲೆ ಆಳದ ಒತ್ತಡ ಮೆಲ್ಲಮೆಲ್ಲನೆ ಏರಿತು. ಒಣಗಿದ್ದ ಬುಗ್ಗೆಗಳು ಮತ್ತೆ ಒಸರಿದವು. ಸತ್ತಿತೆಂದುಕೊಂಡಿದ್ದ ಪಾಪಾಕುರಾ 36 ವರ್ಷಗಳ ಬಳಿಕ, 2015ರಲ್ಲಿ, ಮತ್ತೆ ಚಿಮ್ಮಿತು. ವೈರಾಕೆಯ ಕಣಿವೆಗೆ ಈ ಭಾಗ್ಯ ಬರಲಿಲ್ಲ. ಸಕಾಲದಲ್ಲಿ ಕೈ ಹಿಂದೆಗೆದುದಕ್ಕೂ ಹಿಂದೆಗೆಯದುದಕ್ಕೂ ಇರುವ ಅಂತರ ಇಷ್ಟು.

ಕೊಳವೆಬಾವಿಯ ಮೇಲೆ ಕೊಳವೆಬಾವಿ ಕೊರೆದು ಅಂತರ್ಜಲ ಪಾತಾಳಕ್ಕಿಳಿದಿರುವ ಕೋಲಾರದ ಕಡೆಯವರಿಗೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ತಣ್ಣೀರು, ಇಲ್ಲಿ ಬಿಸಿನೀರು, ನಡೆ ಒಂದೇ. ನೆಲದ ಮೇಲಿನ ಬೇಲಿ ನಮ್ಮ ಹೊಲವನ್ನು ನೆರೆಯವನ ಹೊಲದಿಂದ ಬೇರೆ ಮಾಡೀತು, ನೆಲದಡಿಯ ನೀರಿಗೆ ಬೇಲಿಯಿಲ್ಲ.

ಮುಂದಿನ ಸಲ ರಜೆಯಲ್ಲಿ ಗಣೇಶಪುರಿಗೆ ಹೋದಾಗ ಕುಂಡದ ನೀರನ್ನು ಒಮ್ಮೆ ಗಮನಿಸಿರಿ. ಅದು ತಿಳಿಯಾಗಿರುವುದು ತಾನಾಗಿ ಅಲ್ಲ. ಬಿಸಿ ಹದವಾಗಿದೆ, ಆಮ್ಲ ಅಲ್ಪವಾಗಿದೆ, ಹರಿವು ಇನ್ನೂ ನಿಂತಿಲ್ಲ, ಅದರಿಂದ. ಈ ಮೂರರಲ್ಲಿ ಮೊದಲಿನ ಎರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಒಂದಿಷ್ಟು ಇದೆ.